ತಾಜ್ ಪಾಷಾನ ಹೆಪ್ಪು

ನನ್ನ ಫೋನು ಒಡೆದವನು ತಾಜ್ ಪಾಷಾ. ಎಸೆದ ಕೈ ನನ್ನದು, ಬಡಿದ ಗೋಡೆ ನನ್ನದು, ಚೂರಾದ ಫೋನೂ ನನ್ನದೇ. ಆದರೂ ಒಡೆದವನು ಅವನೇ. ಈ ಮಾತನ್ನು ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುವುದಕ್ಕೂ ನಾನು ತಯಾರು. ನಿಂತು ಹೇಳಿದ್ದೂ ಉಂಟು.

ವರ್ಷಗಟ್ಟಲೆ, ದಿನಾ ಬೆಳಿಗ್ಗೆ, ನಾನು ಮುದ್ದೆ ಮುರಿದು ಸಾರಿಗೆ ಅದ್ದುವ ಹೊತ್ತಿಗೆ ಸರಿಯಾಗಿ ಫೋನು ಟಿಂಗ್ ಎನ್ನುತ್ತಿತ್ತು. ನನ್ನದು ಬೀಗ ರಿಪೇರಿ ಅಂಗಡಿ. ಯಾರೋ ಮನೆಯೊಳಗೆ ಸಿಕ್ಕಿಕೊಂಡರೋ ಏನೋ ಎಂದು ಎಡಗೈಯಲ್ಲಿ ತೆಗೆದು ನೋಡಿದರೆ ಒಂದು ಇಂಗ್ಲಿಷ್ ಇ-ಮೇಲು. ಮೈತುಂಬ ಅಂಕಿ, ಕೊನೆಗೆ ಬಾಲದ ಹಾಗೆ ಅಂಟಿಕೊಂಡ ಒಂದು ಫೈಲು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದರಲ್ಲಿ ನನಗೆ ಓದಲು ಬರುತ್ತಿದ್ದದ್ದು ತಾರೀಖು ಒಂದೇ. ಅಷ್ಟರಲ್ಲಿ ಸಾರು ಆರಿರುತ್ತಿತ್ತು.

ಆ ಮೇಲನ್ನು ಕಳಿಸುತ್ತಿದ್ದದ್ದು ಮನುಷ್ಯನಲ್ಲ, ಒಂದು ಸಾಫ್ಟ್‌ವೇರು. ಕಳಿಸು ಎಂದು ಅದಕ್ಕೆ ನನ್ನ ವಿಳಾಸ ಕೊಟ್ಟವನು ಮಾತ್ರ ಮನುಷ್ಯ. ಅವನ ಬಗ್ಗೆ ಬರೆಯುತ್ತೇನೆ.

ತಾಜ್ ಪಾಷಾ ನಮ್ಮ ಪಕ್ಕದ ಮನೆಯವನು. ಎರಡು ಮನೆಗೂ ನಡುವೆ ಇರುವುದು ಎದೆಯೆತ್ತರದ ಒಂದು ಗೋಡೆ. ಅವನ ಅಪ್ಪ ಶುಕೂರ್ ಸಾಬರು ಬೊಂಬೆ ಕಡೆಯುವವರು. ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಿಡಿದರೆ, ನೋಡುತ್ತಿದ್ದ ಹಾಗೇ ಅದು ಕುದುರೆಯೋ ಗಿಲಕಿಯೋ ಆಗುತ್ತಿತ್ತು. ಬೊಂಬೆ ಕಡೆಯುವವರಲ್ಲಿ ಒಂದು ಪದ್ಧತಿ ಇದೆ. ಹೊಸ ಬೊಂಬೆ ಮಾಡಿದಾಗ ಮೊದಲ ಬೊಂಬೆಯನ್ನು ಮಾರುವುದಿಲ್ಲ. ಲೇತಿನ ಪಕ್ಕದ ಮೊಳೆಗೆ ನೇತು ಹಾಕುತ್ತಾರೆ. ಆಮೇಲಿನವು ಎಷ್ಟು ನೂರಾದರೂ ಅದನ್ನು ನೋಡಿಕೊಂಡೇ ಕಡೆಯುವುದು. ಅಳತೆ, ಬಣ್ಣ, ಕುತ್ತಿಗೆಯ ಬಾಗು, ಎಲ್ಲಕ್ಕೂ ಅದೇ ಲೆಕ್ಕ.

ತಾಜು ಚಿಕ್ಕವನಿದ್ದಾಗ ಒಂದು ದಿನ ಅಪ್ಪ ನಮಾಜಿಗೆ ಹೋಗಿದ್ದರು. ಮೈಸೂರಿಗೆ ಹೋಗುವ ಕಾರೊಂದು ನಿಂತಿತು. ಇಳಿದು ಬಂದ ಹೆಂಗಸು ಮೊಳೆಯಲ್ಲಿ ನೇತಾಡುತ್ತಿದ್ದ ಕುದುರೆಯೇ ಬೇಕು ಎಂದಳು. ಇವನು ವ್ಯಾಪಾರ ಕುದುರಿಸಿದೆ ಎಂಬ ಖುಷಿಯಲ್ಲಿ ಬಿಚ್ಚಿ ಕೊಟ್ಟುಬಿಟ್ಟ. ಅವತ್ತಿನಿಂದ ಶುಕೂರ್ ಸಾಬರ ಕುದುರೆಗೆ ಮೊದಲಿನ ಕುತ್ತಿಗೆ ಬರಲೇ ಇಲ್ಲ. ನೆನಪಿನಿಂದ ಕಡೆಯುತ್ತಾ ಹೋದರು. ವಾರದಿಂದ ವಾರಕ್ಕೆ ಕಿವಿ ಉದ್ದವಾಗುತ್ತಾ ಹೋಯಿತು. ಕೊನೆಗೆ ಅಂಗಡಿಯವರು ಅದನ್ನು ಕತ್ತೆ ಎಂದು ಹೇಳಿ ಮಾರಿದರು.

ಆ ಏಟಿಗೆ ತಾಜು ಡಬಲ್ ಪಾಷಾ ಆದ. ಅವನಿಗೆ ಎಲ್ಲವೂ ಎರಡು ಬೇಕು. ಎರಡು ಕನ್ನಡಕ, ಎರಡು ಛತ್ರಿ, ಸ್ಕೂಟರಿನ ಡಿಕ್ಕಿಯಲ್ಲಿ ಇನ್ನೊಂದು ಜೊತೆ ಚಪ್ಪಲಿ. ಅವನ ಮದುವೆಗೆ ಇಬ್ಬರು ಫೋಟೋಗ್ರಾಫರ್ ಬಂದು, ಒಬ್ಬರಿಗೊಬ್ಬರು ಅಡ್ಡ ನಿಂತು, ಒಂದು ಫೋಟೋದಲ್ಲೂ ಮದುಮಗಳು ಜಹೀದಾಳ ಮುಖ ಪೂರ್ತಿ ಬಿದ್ದಿಲ್ಲ. ಹೋಟೆಲಿನಲ್ಲಿ ದೋಸೆ ತಿಂದರೆ ಇನ್ನೊಂದನ್ನು ಕಟ್ಟಿಸಿಕೊಳ್ಳುತ್ತಾನೆ. ಯಾಕೆ ಎಂದರೆ, "ಇದು ಸರಿಹೋಗ್ದೆ ಇದ್ರೆ" ಎನ್ನುತ್ತಾನೆ. ಮೊದಲನೇ ದೋಸೆ ಹೊಟ್ಟೆಯೊಳಗೆ ಇರುವಾಗ ಎರಡನೆಯದು ಏನು ಮಾಡುತ್ತದೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ನನಗೆ ಅವನ ಪರಿಚಯ ಗಟ್ಟಿಯಾದದ್ದೂ ಇದರಿಂದಲೇ. ಒಂದು ಬೀಗ ಕೊಂಡರೆ ನಾಲ್ಕು ಕೀಲಿಕೈ ಮಾಡಿಸುವ ಗಿರಾಕಿ. ಅವನ ಮನೆಯ ಒಂದು ಕೀಲಿಕೈ ಯಾವಾಗಲೂ ನಮ್ಮ ಮನೆಯ ಮೊಳೆಯಲ್ಲಿ ಇರುತ್ತಿತ್ತು.

ದೊಡ್ಡವನಾದ ಮೇಲೆ ತಾಜು ಲೇತು ಹಿಡಿಯಲಿಲ್ಲ. ಹೆದ್ದಾರಿ ಪಕ್ಕದಲ್ಲಿ ಯೋಗಾನಂದ ಎಂಬುವವರ ಬೊಂಬೆ ರಫ್ತಿನ ಕಂಪನಿ ಇದೆ. ಅಲ್ಲಿ ಪ್ಯಾಕಿಂಗಿಗೆ ಸೇರಿದ. ಅಲ್ಲಿಂದ ಸ್ಟೋರು. ಕಂಪ್ಯೂಟರ್ ರೂಮಿನ ಇಂಜಿನಿಯರು ಹಾರೋಹಳ್ಳಿಯ ಯಾವುದೋ ಫ್ಯಾಕ್ಟರಿಗೆ ಹೋದಾಗ ಯೋಗಾನಂದ ಸುತ್ತ ನೋಡಿದರು. ಏನು ಕೇಳಿದರೂ ಅದರ ಇನ್ನೊಂದು ಕಾಪಿ ತೆಗೆದು ಕೊಡುವವನು ಇವನೊಬ್ಬನೇ ಕಂಡ. ರೂಮು ಇವನ ಕೈಗೆ ಬಂತು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕಲಿತುಕೊಂಡು ಬಂದ. ಹೊರದೇಶದ ಗಿರಾಕಿಗಳು ಕೇಳಿದರು ಎಂದು ಯೋಗಾನಂದ ದೊಡ್ಡ ಕಂಪನಿಗಳು ಇಟ್ಟುಕೊಳ್ಳುವಂಥ ಬ್ಯಾಕಪ್ ಸಾಫ್ಟ್‌ವೇರನ್ನೇ ತರಿಸಿದರು. ಎಲ್ಲವನ್ನೂ ಎರಡು ಮಾಡುವುದೇ ಕೆಲಸವಾಗಿರುವ ಯಂತ್ರವನ್ನು ತಾಜ್ ಪಾಷಾನ ಕೈಗೆ ಕೊಟ್ಟ ಮೇಲೆ ಕೇಳಬೇಕೇ. ಮಗಳು ಹುಟ್ಟಿದಾಗಲೂ ಅವನ ಮುಖ ಅಷ್ಟು ಅರಳಿರಲಿಲ್ಲ.

ಅದರ ವಿಷಯ ನನಗೆ ತಿಳಿಯಲಿ ಎಂದು ಒಂದು ಸಂಜೆ ಅಂಗಡಿಗೆ ಬಂದು ಕೂತ. ನಾನು ಅರದಿಂದ ಕೀಲಿಕೈ ಉಜ್ಜುತ್ತಿದ್ದೆ.

"ಕಂಪನಿ ಕಾಗದವೆಲ್ಲ ದಿನಾ ಟೇಪಿಗೆ ಹೋಯ್ತದೆ ಕಣಣ್ಣ. ಕ್ಯಾಸೆಟ್ಟು ಇತ್ತಲ್ಲ, ಆ ಥರದ್ದು."

"ಹೋಗ್ಲಿ."

"ಯಾವ ಕಾಗದ ಯಾವ ಟೇಪಲ್ಲಿ ಯಾವ ಮೂಲೇಲೈತೆ ಅನ್ನೋದ್ನ ಸಾಫ್ಟ್‌ವೇರು ತನ್ ತಲೇಲಿ ಮಡಿಕಂಡಿರ್ತದೆ."

"ಮಡಿಕಳ್ಳಿ."

"ಆ ತಲೆನೇ ಹೋಗ್ಬುಟ್ರೆ? ಟೇಪೆಲ್ಲ ಬರೀ ಇಟ್ಟಿಗೆ ಕಣಣ್ಣ. ಯಾವುದ್ರಲ್ಲಿ ಏನೈತೆ ಯಾರ್ಗೂ ಗೊತ್ತಾಗಕಿಲ್ಲ. ಅದಕ್ಕೆ ಎಲ್ಲಾರ ಕೆಲ್ಸ ಮುಗಿದ್ಮೇಲೆ, ಕಟ್ಟಕಡೇಲಿ, ಅದು ತನ್ ತಲೇನೂ ಒಂದು ಟೇಪಿಗೆ ಬರ್ದು ಮಡಗ್ತದೆ."

"ಯಾವ ಟೇಪಿಗೆ ಅಂತ ಯಾರಿಗೆ ಗೊತ್ತಿರ್ತದೆ?"

"ಅದ್ರ ತಲೆಗೆ."

ನಾನು ಅರ ಕೆಳಗಿಟ್ಟೆ. ಬೀರುವಿನ ಕೀಲಿಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ತಳ್ಳಿದವರನ್ನು ನಾನು ದಿನಾ ನೋಡುತ್ತೇನೆ. ನಮ್ಮ ಮನೆಯ ಒಲೆ ಉರಿಯುವುದೇ ಅಂಥವರಿಂದ.

"ಲೇ ತಾಜು, ನೀನು ಕಂಪ್ಯೂಟ್ರಲ್ಲೂ ನನ್ ಗಿರಾಕಿನೇ ಕಣ್ಲಾ."

"ಪೂರ್ತಿ ಕೇಳಣ್ಣ. ನಿಮ್ಮನೇಲಿ ಮೊಸರು ತಳ ಸಮೇತ ಖರ್ಚಾಗೋಯ್ತು ಅನ್ಕೋ. ನಾಳೆ ಹಾಲಿಗೆ ಹೆಪ್ಪು ಎಲ್ಲಿಂದ ತತ್ತೀಯ?"

"ನಿಮ್ಮನೆಯಿಂದ. ಜಹೀದಾ ಕೊಡ್ತಾಳೆ."

"ಅದೇಯ. ತನ್ ತಲೆ ಯಾವ ಟೇಪಲ್ಲೈತೆ ಅನ್ನೋ ಒಂದು ಸ್ಪೂನಷ್ಟು ಸಮಾಚಾರವ ಅದು ದಿನಾ ಹೊರಗಿನ ವಿಳಾಸಕ್ಕೆ ಮೇಲ್ ಮಾಡ್ತದೆ. ಕಂಪನಿ ಮೇಲ್ ಕೊಡಂಗಿಲ್ಲ, ಅದೂ ಅದೇ ರೂಮಲ್ಲೈತೆ. ನನ್ನ ಮೇಲ್ ಐಡೀನೂ ಕಂಪನೀದೇ. ಪಕ್ಕದ ಮನೆ ಬೇಕು. ನಿನ್ನ ಫೋನ್ ಕೊಡು."

ಅದೇ ಹೊತ್ತಿಗೆ ಒಬ್ಬ ಗಿರಾಕಿ, ನಾನು ಕೊಟ್ಟ ಕೀಲಿಕೈ ತಿರುಗುವುದಿಲ್ಲ ಎಂದು ಜಗಳಕ್ಕೆ ಬಂದ. ಅವನು ಹಿಡಿದಿದ್ದದ್ದು ಪಕ್ಕದ ಮನೆಯ ಬೀಗ. ಅವನಿಗೆ ಕೂಗುತ್ತಾ ತಾಜುವಿಗೆ, "ಅದೇನ್ ಮಾಡ್ಕತೀಯೋ ಮಾಡ್ಕೋ ಹೋಗು" ಎಂದೆ. ಅದನ್ನು ಅವನು ಒಪ್ಪಿಗೆ ಎಂದುಕೊಂಡ.

ಆಮೇಲೆ ಶುರುವಾಯಿತು ಟಿಂಗ್. ನಾನು ಬಂದದ್ದನ್ನು ಬಂದ ಹಾಗೆ ಅಳಿಸುತ್ತಿದ್ದೆ. ಅಳಿಸಿದ್ದು ಫೋನಿನ ಕಸದ ಬುಟ್ಟಿಗೆ ಹೋಗಿ ಕೂರುತ್ತದೆ, ಅಲ್ಲಿಂದಲೂ ಅಳಿಸಬೇಕು ಎಂದು ಫೋನ್ ಅಂಗಡಿಯ ಮುಜೀಬ್ ಹೇಳಿಕೊಟ್ಟ. ಹಾಗಾಗಿ ದಿನಾ ಎರಡೆರಡು ಸಲ ಅಳಿಸುತ್ತಿದ್ದೆ. ಎಲ್ಲವೂ ಎರಡು ಬೇಕೆನ್ನುವವನ ಮೇಲಿಗೆ ಅದೇ ಸರಿಯಾದ ಮರ್ಯಾದೆ ಎನಿಸುತ್ತಿತ್ತು.

ಒಂದು ಭಾನುವಾರ ಕನಕಪುರದಲ್ಲಿ ನನ್ನ ತಂಗಿಯ ಮೊಮ್ಮಗುವಿಗೆ ನಾಮಕರಣ. ಫೋಟೋ ತೆಗೆಯಲು ಹೋದರೆ ಫೋನು ಜಾಗ ಇಲ್ಲ ಎಂದಿತು. ನನ್ನ ಭಾಮೈದ ದಿನಾ ಕಳಿಸುವ ಗುಡ್ ಮಾರ್ನಿಂಗ್ ಹೂವುಗಳೇ ಅದರಲ್ಲಿ ತುಂಬಿದ್ದವು. ಆದರೆ ಭಾಮೈದನ ಮೇಲೆ ಸಿಟ್ಟು ಮಾಡಿಕೊಂಡರೆ ಮನೆಯಲ್ಲಿ ನಡೆಯುವುದಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ಪೂರ್ತಿ ಸಿಟ್ಟು ತಾಜುವಿನ ಮೇಲೆ ಬಂದು ನಿಂತಿತ್ತು. ಗೋಡೆಯ ಹತ್ತಿರ ನಿಂತು ಕೂಗಿದೆ.

"ಲೇ ಡಬಲ್ಲು, ನಿನ್ನ ಕಸವ ನಿನ್ನ ಮನೇಲಿ ಸುರ್ಕಳ್ಲಾ. ನನ್ನ ಫೋನೇನು ನಿಮ್ ಕಂಪನಿ ತಿಪ್ಪೆನಾ?"

ಅವನ ಮನೆಯಲ್ಲಿ ರಾಮನಗರದಿಂದ ಬೀಗರು ಬಂದು ಕೂತಿದ್ದರು. ಅದು ನನಗೆ ಕಂಡದ್ದು ಕೂಗಿದ ಮೇಲೆ. ಕಂಡ ಮೇಲೆ ನಿಲ್ಲಿಸಬಹುದಿತ್ತು, ಆದರೆ ಮಾತು ಅರ್ಧದಲ್ಲಿತ್ತು. ಮೊಳೆಯಲ್ಲಿದ್ದ ಅವನ ಮನೆಯ ಕೀಲಿಕೈಯನ್ನೂ ತೆಗೆದು ಗೋಡೆಯಾಚೆ ಎಸೆದೆ. ಅದು ಬೀಗರ ಶರಬತ್ತಿನ ಲೋಟದಲ್ಲಿ ಬಿತ್ತಂತೆ. ನಾನು ಗುರಿ ಇಟ್ಟಿರಲಿಲ್ಲ.

ಅವತ್ತಿಗೆ ನಮ್ಮಿಬ್ಬರ ಮಾತು ನಿಂತಿತು. ಹೆಂಗಸರದು ನಿಲ್ಲಲಿಲ್ಲ. ನನ್ನ ಹೆಂಡತಿ ಶಾಲಿನಿ ಮಾರನೇ ದಿನವೇ ಗೋಡೆಯ ಮೇಲೆ ಹೆಪ್ಪಿನ ಬಟ್ಟಲು ಇಟ್ಟಳು, ಜಹೀದಾ ತೆಗೆದುಕೊಂಡಳು. ಅವತ್ತೇ ಮುದ್ದೆಯ ಹೊತ್ತಿಗೆ ಫೋನೂ ಟಿಂಗ್ ಎಂದಿತು. ಜಗಳವಾದ ಮೇಲೂ ಕಳಿಸುತ್ತಾನಲ್ಲ ಎಂದು ನಾನು ಅದನ್ನು ಎತ್ತಿ ಎಸೆದದ್ದು ಆಗ. ಗಾಜು ಚೂರಾಯಿತು, ಬೋರ್ಡು ಸೀಳಿತು. ಮುಜೀಬ್ ನೋಡಿ, "ಇದಕ್ಕೆ ದುವಾ ಒಂದೇ ಬಾಕಿ" ಎಂದ. ಸಿಮ್ಮನ್ನು ಹಳೇ ಗುಂಡಿ ಫೋನಿಗೆ ಹಾಕಿಕೊಂಡೆ. ಶಾಲಿನಿ, "ನಿಮ್ಮ ಸಿಟ್ಟು ಇಳಿದ್ಮೇಲೆ ಬತ್ತೀನಿ" ಎಂದು ಮಾಗಡಿಯಲ್ಲಿರುವ ಅಕ್ಕನ ಮನೆಗೆ ಹೋದಳು. ಗೋಡೆಯ ಮೇಲೆ ಬಟ್ಟಲೂ ಇಲ್ಲ, ಮನೆಯಲ್ಲಿ ಟಿಂಗೂ ಇಲ್ಲ. ಮುದ್ದೆ ನಾನೇ ತೊಳಸಿಕೊಂಡೆ. ಗಂಟಾಯಿತು.

ಆ ವಾರವೇ ಮಳೆ ಹಿಡಿಯಿತು. ಕೆರೆ ಕೋಡಿ ಹರಿದು ಹೆದ್ದಾರಿ ಪಕ್ಕದ ಅಂಗಡಿಗಳಿಗೆಲ್ಲ ನೀರು ನುಗ್ಗಿತು. ಯೋಗಾನಂದರ ಕಂಪನಿಯ ಕಂಪ್ಯೂಟರ್ ರೂಮು ನೆಲಮಟ್ಟದಲ್ಲಿತ್ತು, ತಂಪಾಗಿರಲಿ ಎಂದು. ತಂಪಾಯಿತು. ಸೊಂಟದವರೆಗೆ ನೀರು. ಟೇಪುಗಳು ಮಾತ್ರ ಮೇಲಿನ ಮಹಡಿಯ ಬೀರುವಿನಲ್ಲಿ ಒಣಗಿಕೊಂಡು ಭದ್ರವಾಗಿದ್ದವು.

ನೀರು ಇಳಿದ ಮೇಲೆ ಒಂದು ಮಧ್ಯಾಹ್ನ ತಾಜು ಅಂಗಡಿಗೆ ಬಂದ. ಕಂಕುಳಲ್ಲಿ ಲ್ಯಾಪ್‌ಟಾಪು. ಒಂದೇ ಒಂದು ಲ್ಯಾಪ್‌ಟಾಪು. ಅದನ್ನು ನೋಡಿಯೇ ಏನೋ ಕೆಟ್ಟಿದೆ ಎಂದುಕೊಂಡೆ. ಸ್ಟೂಲಿನ ಮೇಲೆ ಕೂತ. ನಾನು ಒಂದು ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಹೊಸ ಮಿಷನ್ ತರ್ಸಿದ್ರು ಕಣಣ್ಣ" ಎಂದ. "ಸಾಫ್ಟ್‌ವೇರೂ ಹಾಕ್ದೆ. ಆದ್ರೆ ಅದು ಈಗ ಹುಟ್ಟಿದ ಕೂಸು. ಅಷ್ಟು ಟೇಪವೆ, ಒಂದ್ನೂ ಗುರುತು ಹಿಡೀತಿಲ್ಲ. ಒಂದೊಂದೇ ಹಾಕಿ ಓದುಸ್ತಾ ಕೂತ್ರೆ ತಿಂಗಳಾಯ್ತದೆ. ಬಣ್ಣದಲ್ಲಿ ವಿಷ ಇಲ್ಲ ಅಂತ ಬೊಂಬೆಗಳಿಗೆ ಪರೀಕ್ಷೆ ಕಾಗದ ಇರ್ತಾವಲ್ಲ, ಅವೆಲ್ಲ ಆ ಟೇಪಲ್ಲವೆ. ಆ ಕಾಗದ ಇಲ್ದೆ ಕಂಟೇನರ್ ಹೊರಡಂಗಿಲ್ಲ. ಕಂಟೇನರ್ ನಾಳೆ ಬತ್ತದೆ."

"ನಿಮ್ಮ ಸಾವ್ಕಾರ ಏನಂದ?"

"ಬೊಂಬೆ ಹೊರಡಬೇಕು, ಇಲ್ಲ ನೀನು ಹೊರಡಬೇಕು ಅಂದ್ರು."

ನಾನು ಬೀಗ ತಿರುಗಿಸುವುದನ್ನು ನಿಲ್ಲಿಸಿದೆ.

"ಆ ಮೇಲು ಅಣ್ಣ. ದಿನಾ ಬತ್ತಿತ್ತಲ್ಲ."

"ಅಳಿಸ್ಬುಟ್ಟೆ."

"ಎಲ್ಲಾನೂವ?"

"ಎಲ್ಲಾನೂವೆ."

"ಕಸದ ಬುಟ್ಟೀಲಿ..."

"ಅಲ್ಲಿಂದ್ಲೂ. ಮುಜೀಬ್ ಹೇಳ್ಕೊಟ್ಟ."

ತಾಜು ಹಣೆ ಒತ್ತಿಕೊಂಡ. ಆಮೇಲೆ, "ನಿನ್ನ ಫೋನು ಒಡೆದಿದ್ದು ಯಾವತ್ತು?" ಎಂದು ಕೇಳಿದ.

"ನಿನ್ನ ಬೀಗರು ಬಂದಿದ್ರಲ್ಲ, ಮಾರನೇ ದಿನ."

ಅವನು ತಲೆ ಎತ್ತಿದ. "ಆಮೇಲೆ ಬಂದವ್ನ ಯಾರ್ ಅಳ್ಸಿದ್ರು?"

ಯಾರೂ ಅಳಿಸಿರಲಿಲ್ಲ. ಫೋನೇ ಇಲ್ಲದೆ ಅಳಿಸುವುದು ಹೇಗೆ. ಮೇಲು ಇರುವುದು ಫೋನಿನಲ್ಲಲ್ಲ, ಎಲ್ಲೋ ಗೂಗಲ್ಲಿನವರ ಹತ್ತಿರ; ಯಾವ ಕಂಪ್ಯೂಟರಿನಿಂದ ಬೇಕಾದರೂ ತೆಗೆಯಬಹುದು ಎಂದ. ಲ್ಯಾಪ್‌ಟಾಪು ತೆರೆದು ನನ್ನ ವಿಳಾಸ ಹೊಡೆದ. ಅದು ಪಾಸ್‌ವರ್ಡ್ ಕೇಳಿತು.

"ನಂಗೇನ್ ಗೊತ್ತು. ಮುಜೀಬ್ ಹಾಕಿದ್ದು."

ಮುಜೀಬನನ್ನು ಕೇಳಿದರೆ, "ನಿಮ್ಗೆ ಹೇಳಿದ್ನಲ್ಲ, ನೀವು ಬೈತಿದ್ರಿ, ಕೇಳಿಸ್ಕಳ್ಳಿಲ್ಲ" ಎಂದ. ಮರೆತಿದ್ದೇನೆ ಎಂದು ಒತ್ತಿದೆವು. ಅದು, ನಿಮ್ಮ ಫೋನಿಗೆ ಒಂದು ಪ್ರಶ್ನೆ ಕಳಿಸಿದ್ದೇವೆ, ಅಲ್ಲಿ ಹೌದು ಎಂದು ಒತ್ತಿ ಎಂದಿತು. ಆ ಫೋನು ನನ್ನ ಮೇಜಿನ ಡ್ರಾಯರಿನಲ್ಲಿ ಐದಾರು ತುಂಡಾಗಿ ಮಲಗಿತ್ತು.

ತಾಜು ನನ್ನ ಮುಖ ನೋಡಿದ. ಬೀರುವಿನ ಕೀಲಿಕೈ ಬೀರುವಿನೊಳಗೆ ಎಂದು ಅವನು ಹೇಳಲಿಲ್ಲ. ನಗಲೂ ಇಲ್ಲ. ನಕ್ಕಿದ್ದರೆ ಅವನ ಮೇಲೆ ಕೂಗಿ ಹಗುರಾಗುತ್ತಿದ್ದೆ, ಆ ಅನುಕೂಲವನ್ನೂ ಕೊಡಲಿಲ್ಲ.

ಇನ್ನೊಂದು ದಾರಿ ತೋರಿಸು ಎಂದು ಒತ್ತಿದ. ಆಗ ಪರದೆಯ ಮೇಲೆ ಬೇರೆ ಒಂದು ನಂಬರಿನ ಕೊನೆಯ ಎರಡು ಅಂಕಿ ಬಂತು. ಶಾಲಿನಿಯ ನಂಬರು. ಅಕೌಂಟು ಮಾಡುವ ದಿನ ನಾನು ಕೂಗಾಡುತ್ತಿದ್ದೆನೆಂದು ಮುಜೀಬ್ ಅವಳನ್ನು ಕೇಳಿ ಅವಳದನ್ನು ಹಾಕಿದ್ದನಂತೆ. ಅವಳ ಫೋನಿಗೆ ಆರಂಕಿಯ ಕೋಡು ಹೋಯಿತು. ಬೇಗ ಹಾಕದಿದ್ದರೆ ಅದು ಸತ್ತುಹೋಗುತ್ತದೆ. ಮಾಗಡಿಗೆ ಫೋನು ಹಚ್ಚಿದೆ.

"ಶಾಲಿನಿ, ನಿನ್ನ ಫೋನಿಗೆ ಒಂದು ನಂಬರ್ ಬಂದೈತೆ, ಓದು."

"ಉಂಡ್ರಾ?"

"ನಂಬರ್ ಓದು."

"ಯಾರಿಗೂ ಯೋಳ್ಬೇಡಿ ಅಂತ ಅದ್ರಲ್ಲೇ ಬರ್ದವ್ರಲ್ಲ."

"ನಾನು ನಿನ್ನ ಗಂಡ ಕಣೇ."

"ಹಂಗೇ ಅಂತಾರಂತೆ. ಅಕ್ಕನ ಪಕ್ಕದ ಮನೆಯವ್ರಿಗೆ ಹಂಗೇ ಅಂದು ಬ್ಯಾಂಕಲ್ಲಿದ್ದಿದ್ನೆಲ್ಲ ಗುಡಿಸಾಕಿದ್ರಂತೆ."

"ನನ್ ದನಿ ಗೊತ್ತಾಗಕಿಲ್ವಾ ನಿಂಗೆ?"

"ಒಸಿ ಕೂಗಿ, ನೋಡವ."

ಕೂಗಿದೆ. ಎದುರಿನ ಟೀ ಅಂಗಡಿಯವನು ಗ್ಲಾಸು ಕೈಬಿಟ್ಟ. ಶಾಲಿನಿ, "ಹೂಂ, ನೀವೇಯ" ಎಂದಳು. ಅಷ್ಟರಲ್ಲಿ ಕೋಡು ಸತ್ತಿತು. ತಾಜು ಇನ್ನೊಂದು ಕಳಿಸಿದ. ಮೊಬೈಲನ್ನು ಸ್ಪೀಕರಿಗೆ ಹಾಕು ಎಂದು ಸನ್ನೆ ಮಾಡಿದ. ಹಾಕುವ ಗುಂಡಿ ಯಾವುದೆಂದು ನನಗೆ ಗೊತ್ತಿರಲಿಲ್ಲ, ಅವನೇ ಒತ್ತಿದ.

"ಯಾರಿಗೆ ಈ ನಂಬರು?" ಶಾಲಿನಿ ಕೇಳಿದಳು.

"ತಾಜುಗೆ. ಅವನ ಕೆಲ್ಸ ಹೋಯ್ತದೆ, ಬೇಗ ಓದು."

"ತಾಜಣ್ಣನ ಜೊತೆ ಮಾತು ಬುಟ್ಟಿದ್ರಲ್ಲ?"

"ಈಗ ಆಡ್ತಾ ಇವ್ನಿ."

"ಬೀಗರ ಮುಂದೆ ಹಂಗ್ ಕೂಗಿದ್ದಕ್ಕೆ ತಪ್ಪಾಯ್ತು ಅಂದ್ರಾ?"

ಪರದೆಯ ಮೇಲೆ ಚಿಕ್ಕದೊಂದು ಚಕ್ರ ಸುತ್ತುತ್ತಿತ್ತು. ತಾಜು ಆ ಕಡೆ ತಿರುಗಿ ಮೊಳೆಗೆ ತೂಗುಹಾಕಿದ್ದ ಬೀಗಗಳನ್ನು ನೋಡತೊಡಗಿದ, ಕೊಳ್ಳಲು ಬಂದವನ ಹಾಗೆ.

"ಅಂತೀನಿ ಅನ್ನಿ, ಓದ್ತೀನಿ."

"ಅಂತೀನಿ."

"ಯಾವತ್ತು?"

"ಮೊದ್ಲು ನಂಬರ್ ಓದೇ ತಾಯಿ."

"ಯಾವತ್ತು?"

"ಇವತ್ತೇಯ."

ಅವಳು ಓದಿದಳು. ಒಂದೊಂದೇ ಅಂಕಿ, ಮಗ್ಗಿ ಒಪ್ಪಿಸುವ ಹಾಗೆ. ಬಾಗಿಲು ತೆರೆಯಿತು. ಒಳಗೆ ಭಾಮೈದನ ಹೂವು ಒಂದೂ ಇರಲಿಲ್ಲ. ಅವೆಲ್ಲ ವಾಟ್ಸಾಪಿನ ಜೊತೆ ಫೋನಿನಲ್ಲೇ ಸತ್ತಿದ್ದವು. ಇದ್ದದ್ದು ಸಾಫ್ಟ್‌ವೇರಿನ ಮೇಲುಗಳು, ಒಂದರ ಮೇಲೊಂದು ನೀಟಾಗಿ. ಎಲ್ಲಕ್ಕಿಂತ ಮೇಲೆ, ನೀರು ನುಗ್ಗಿದ ದಿನದ ಬೆಳಗಿನದು. ತಾಜು ಅದರ ಬಾಲದ ಫೈಲನ್ನು ತೆಗೆದ. ಎರಡು ಕಡೆ ಇಟ್ಟುಕೊಂಡ. ಆಮೇಲೆ ಉಸಿರು ಬಿಟ್ಟ.

ಅಂಗಡಿಗೆ ಬಾಗಿಲು ಹಾಕಿ ನಾನೂ ಅವನ ಸ್ಕೂಟರಿನಲ್ಲಿ ಹೋದೆ. ದಿನಾ ನನ್ನ ಸಾರು ತಣ್ಣಗೆ ಮಾಡಿದ್ದು ಏನೆಂದು ನೋಡಬೇಕಿತ್ತು. ಆ ಫೈಲನ್ನು ಹೊಸ ಯಂತ್ರಕ್ಕೆ ಕೊಟ್ಟ. ಅದು ಒಂದು ಟೇಪಿನ ಹೆಸರು ಹೇಳಿತು. ಬೀರುವಿನಿಂದ ಆ ಟೇಪು ತಂದು ಹಾಕಿದ. ಯಂತ್ರ ಗುರ್ ಎಂದು ಓದಿತು, ನಿಂತಿತು, ಮತ್ತೆ ಓದಿತು. ಚಹಾ ಬಂತು, ಕುಡಿದೆವು. ಆಮೇಲೆ ಖಾಲಿ ಇದ್ದ ಪರದೆಯ ಮೇಲೆ ಸಾಲುಗಳು ಬರತೊಡಗಿದವು. ಒಂದು, ಎರಡು, ಆಮೇಲೆ ದುಬುದುಬು ಎಂದು. ಯಾವ ಟೇಪಿನಲ್ಲಿ ಏನಿದೆ ಎನ್ನುವುದೆಲ್ಲ. ಕೂಸಿಗೆ ನೆನಪು ಬಂದಿತ್ತು. ತಾಜು ಒಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಇನ್ನೊಂದು ಹಾಕಿಕೊಂಡ.

ಪರೀಕ್ಷೆ ಕಾಗದಗಳು ಕತ್ತಲಾಗುವ ಮುಂಚೆ ಪ್ರಿಂಟಾದವು. ಯೋಗಾನಂದ ಬಂದು, "ಬಂತಾ" ಎಂದರು, ಹೋದರು. ಕಂಟೇನರು ಮಾರನೇ ದಿನ ಹೊರಟಿತು.

ವಾಪಸ್ ಬರುವಾಗ ನಾನು ಹಿಂದೆ ಕೂತು ಹೇಳಿದೆ. "ಲೇ, ನಾನು ಫೋನ್ ಒಡೀದೆ ಇದ್ದಿದ್ರೆ ಆ ಮೇಲ್ನೂ ಅಳಿಸ್ಬುಡ್ತಿದ್ದೆ. ನಿನ್ನ ಕೆಲ್ಸ ಉಳಿಸಿದ್ದು ನನ್ ಸಿಟ್ಟು ಕಣ್ಲಾ."

"ಅದು ನಿಜ ಕಣಣ್ಣ" ಎಂದ. ಸ್ಕೂಟರು ನಿಧಾನ ಮಾಡಿದ. ಶಾಲಿನಿಗೆ ನಾನು ಅಂತೀನಿ ಎಂದಿದ್ದ ಮಾತಿಗೆ ಕಾಯುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಸ್ಪೀಕರು ಒತ್ತಿದವನೇ ಅವನು, ಕೇಳಿಸಿಕೊಂಡಿರುತ್ತಾನೆ. ನಾನು ರಸ್ತೆ ಪಕ್ಕದ ಎಳನೀರು ನೋಡಿದೆ. ಆಮೇಲೆ ಅವನು ವೇಗ ಹೆಚ್ಚಿಸಿದ.

ಫೋನು ಅವನೇ ಕೊಟ್ಟ. ಅವನ ಹತ್ತಿರ ಹೇಗೂ ಎರಡಿತ್ತು. ಅವನ ಮನೆಯ ಕೀಲಿಕೈ ಮತ್ತೆ ನಮ್ಮ ಮೊಳೆಗೆ ಬಂದಿದೆ, ಇನ್ನೂ ಶರಬತ್ತಿನ ಅಂಟು. ಶಾಲಿನಿ ಮಾಗಡಿಯಿಂದ ಬಂದ ದಿನವೇ ಬಟ್ಟಲು ಗೋಡೆ ಹತ್ತಿತು. ಒಂದು ವಿಳಾಸ ನಂಬಿಕೊಂಡು ಕೂರುವುದು ಸರಿಯಲ್ಲ ಎಂದು ತಾಜು ಈಗ ಶಾಲಿನಿಯ ಫೋನಿಗೂ ಮೇಲು ಬರುವ ಹಾಗೆ ಮಾಡಿದ್ದಾನೆ. ಮುದ್ದೆಯ ಹೊತ್ತಿಗೆ ಟಿಂಗ್, ಅದರ ಹಿಂದೆಯೇ ಇನ್ನೊಂದು ಟಿಂಗ್. ನಾನು ಅಳಿಸುವುದಿಲ್ಲ. ಅವಳು ಅಳಿಸಲು ಬಿಡುವುದಿಲ್ಲ.

ಎರಡನೇ ಟಿಂಗ್ ಆದ ಮೇಲೆ ಅವಳು ದಿನಾ ಒಂದೇ ಮಾತು ಕೇಳುತ್ತಾಳೆ. "ಅಂದ್ರಾ?"

ನಾನು, "ಸಾರು ಹಾಕು" ಎನ್ನುತ್ತೇನೆ.

ಗೋಡೆಯಾಚೆ ತಾಜು ಸ್ಕೂಟರು ಒರೆಸುತ್ತಿರುತ್ತಾನೆ. ಅವನ ಕಿವಿ ಚುರುಕು.